ಗುರುಸಿದ್ದಮ್ಮನ ಜಾಮು

ಗುರುಸಿದ್ದಮ್ಮನವರ ಬಗ್ಗೆ ಬರೆಯುವ ಹಕ್ಕು ನನಗಿದೆಯೇ ಎಂದು ಎಷ್ಟೋ ಸಲ ಅನುಮಾನಪಟ್ಟಿದ್ದೇನೆ. ತುಂಬಿದ ಸಭೆಯಲ್ಲಿ ಅವರು ಮಾತನಾಡುತ್ತಿದ್ದಾಗ ಮೈಕ್ ಆರಿಸಿದವನು ನಾನೇ. ಆ ವರ್ಷ ನಾನು ನ್ಯೂಜೆರ್ಸಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ನಡೆದದ್ದನ್ನು ನೋಡಿದವರಲ್ಲಿ ಕೆಲವರು ಮರೆತಿದ್ದಾರೆ, ಕೆಲವರು ಬೇರೆ ಥರ ಹೇಳುತ್ತಾರೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಅವರು ರಬಕವಿಯವರು, ನೇಕಾರರ ಮನೆಯ ಮಗಳು. ಬಿ.ಎಸ್ಸಿ. ಮುಗಿಸಿ ಅಲ್ಲಿಯ ಡಾಕ್ಟರೊಬ್ಬರ ದವಾಖಾನೆಯಲ್ಲಿ ಹನ್ನೊಂದು ವರ್ಷ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಅಮೆರಿಕದಲ್ಲಿದ್ದ ಅಕ್ಕ ಅರ್ಜಿ ಹಾಕಿದ್ದರಿಂದ ಗ್ರೀನ್ ಕಾರ್ಡ್ ಸಿಕ್ಕಿ, 1993ರಲ್ಲಿ ಗಂಡ ಅಮರೇಶ್ವರರೊಡನೆ ನ್ಯೂಯಾರ್ಕಿನ ಕ್ವೀನ್ಸ್‌ನ ಬೆಲ್‌ರೋಸ್‌ಗೆ ಬಂದರು. ಅಮರೇಶ್ವರ ಊರಿನಲ್ಲಿ ಸಹಕಾರಿ ಬ್ಯಾಂಕಿನ ಗುಮಾಸ್ತ. ಇಲ್ಲಿ ನಲವತ್ತೆರಡನೆಯ ವಯಸ್ಸಿಗೆ ಜಾಕ್ಸನ್ ಹೈಟ್ಸ್‌ನ ಒಂದು ಮಾಳಿಗೆಯ ತರಗತಿಗೆ ಹೋಗಿ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಕಲಿತು, 2000 ಇಸವಿ ಹುಟ್ಟಿದರೆ ಕಂಪ್ಯೂಟರುಗಳು ಕೆಡುತ್ತವೆಂಬ ವೈಟುಕೆ ಗಲಾಟೆಯಲ್ಲಿ ಮ್ಯಾನ್‌ಹ್ಯಾಟನ್‌ನ ಒಂದು ವಿಮಾ ಕಂಪನಿಗೆ ಕಾಂಟ್ರಾಕ್ಟ್ ಮೇಲೆ ಸೇರಿಕೊಂಡರು. ಗುರುಸಿದ್ದಮ್ಮನ ಲ್ಯಾಬ್ ಅನುಭವಕ್ಕೆ ಇಲ್ಲಿ ಬೆಲೆ ಸಿಗಲಿಲ್ಲ. ಆರು ವಾರದ ಕೋರ್ಸ್ ಮಾಡಿ ಒಂದು ನರ್ಸಿಂಗ್ ಹೋಮಿನಲ್ಲಿ ಮುದುಕರನ್ನು ಎತ್ತಿ ಕೂರಿಸುವ, ಮೀಸುವ, ಉಣಿಸುವ ಕೆಲಸ ಹಿಡಿದರು. ಆ ಕೆಲಸದ ಬಗ್ಗೆ ನಮ್ಮ ಪಾರ್ಟಿಗಳಲ್ಲಿ ಯಾರಾದರೂ ಕೇಳಿದರೆ ಅಮರೇಶ್ವರ "ಮೆಡಿಕಲ್ ಲೈನ್" ಎನ್ನುತ್ತಿದ್ದರು. ಗುರುಸಿದ್ದಮ್ಮ ತಡಮಾಡದೆ, "ಮುದುಕರ ಕುಂಡಿ ತೊಳೀತೇನ್ರಿ" ಎಂದು ತಿದ್ದುತ್ತಿದ್ದರು. ಕೇಳಿದವರ ಕೈಯ ತಟ್ಟೆ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತಿತ್ತು.

ಆ ನರ್ಸಿಂಗ್ ಹೋಮಿನಲ್ಲಿ ಅವರ ಜೊತೆಗೆ ಪಾಳಿ ಮಾಡುತ್ತಿದ್ದವಳು ಇಂಡೋನೇಷ್ಯಾದ ಸುಮರ್ನಿ. ಜಾವಾ ದ್ವೀಪದ ಸೋಲೋ ಎಂಬ ಊರಿನವಳು, ಮನೆ ಎಲ್ಮ್‌ಹರ್ಸ್ಟ್‌ನಲ್ಲಿ. ಎಲ್ಲರೂ ಮರ್ನಿ ಎಂದೇ ಕರೆಯುತ್ತಿದ್ದರು. 1996ರ ಚಳಿಗಾಲದಲ್ಲಿ ಗುರುಸಿದ್ದಮ್ಮನಿಗೆ ಮೊಣಕಾಲು ನೋವು ಜೋರಾದಾಗ ಮರ್ನಿ ಒಂದು ಹಳೆಯ ಜ್ಯೂಸ್ ಬಾಟಲಿಯಲ್ಲಿ ಹಳದಿ ನೀರು ತಂದುಕೊಟ್ಟಳು. ಹಸಿ ಅರಿಶಿನ ಅರೆದು, ಹುಣಸೆಹಣ್ಣು, ತಾಟಿಬೆಲ್ಲ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿದ ಪಾನಕ. ಜಾವಾದಲ್ಲಿ ಇಂಥ ಬೇರು, ಗೆಡ್ಡೆಗಳ ಪಾನಕಕ್ಕೆಲ್ಲ ಜಾಮು ಎಂದು ಹೆಸರು. ಮರ್ನಿಯ ತಾಯಿ ಎಂಟು ಬಾಟಲಿಗಳ ಬುಟ್ಟಿಯನ್ನು ಉದ್ದ ಬಟ್ಟೆಯಿಂದ ಬೆನ್ನಿಗೆ ಕಟ್ಟಿಕೊಂಡು ಬೆಳಗಾಗುತ್ತಲೇ ಬೀದಿ ಬೀದಿ ತಿರುಗಿ ಇದನ್ನು ಮಾರಿ ನಾಲ್ವರು ಮಕ್ಕಳನ್ನು ಓದಿಸಿದವಳು. ಬಾಣಂತಿಗೆ ಒಂದು ಬಗೆ, ಕೆಮ್ಮಿನವರಿಗೆ ಇನ್ನೊಂದು, ಮುಟ್ಟಿನ ನೋವಿನ ಹುಡುಗಿಯರಿಗೆ ಈ ಅರಿಶಿನ ಹುಣಸೆಯದು. ಮೈ ಹಗುರಾಗಲಿಕ್ಕೆ ಒಂದು ಕಹಿ ಕಷಾಯವೂ ಇತ್ತು. ನಮ್ಮ ನೆಲಬೇವೇ ಅದು. ಅದನ್ನು ಕುಡಿಸಿ, ಮುಖ ಹಿಂಡಿದವರಿಗೆ ಮೇಲೆ ಸಿಹಿ ಶುಂಠಿ ನೀರು ಕೊಡುವುದು ಪದ್ಧತಿ.

ಇದು ಏನೇನು ವಾಸಿ ಮಾಡುತ್ತದೆ ಎಂದು ಗುರುಸಿದ್ದಮ್ಮ ಕೇಳಿದರಂತೆ. ರಕ್ತ ಶುದ್ಧ ಮಾಡುತ್ತದೆ, ಚರ್ಮ ಹೊಳೆಯುತ್ತದೆ, ಗಂಡ ಮನೆ ಬಿಟ್ಟು ಹೋಗುವುದಿಲ್ಲ ಎಂದು ಮರ್ನಿ ಬೆರಳು ಮಡಿಸಿದಳು. ಪರೀಕ್ಷೆ ಮಾಡಿ ನೋಡಿದವರು ಯಾರು ಎಂದು ಇವರು ಕೇಳಿದರು. ಅಮ್ಮ ಹೇಳುತ್ತಿದ್ದಳು ಎಂದಳು ಅವಳು. ಇಬ್ಬರೂ ನಕ್ಕರು. ಮೊಣಕಾಲು ನೋವು ಹೋಗಲಿಲ್ಲ. ಆದರೆ ಆ ಹುಳಿ, ಆ ಒಗರು ಗುರುಸಿದ್ದಮ್ಮನ ನಾಲಿಗೆಗೆ ಹತ್ತಿಬಿಟ್ಟಿತು. ಹಿಲ್‌ಸೈಡ್ ಅವೆನ್ಯೂದ ಅಂಗಡಿಯಿಂದ ಹಸಿ ಅರಿಶಿನ ತಂದು ತಾವೇ ಮಾಡತೊಡಗಿದರು. ಮರ್ನಿ ಪಕ್ಕದಲ್ಲಿ ನಿಂತು ಕಲಿಸಿದಳು: ಅರಿಶಿನ ಸಿಪ್ಪೆ ತೆಗೆಯಬಾರದು, ಉಜ್ಜಿ ತೊಳೆಯಬೇಕು; ಹುಣಸೆ ಕೊನೆಗೆ; ಬಿಸಿ ಆರುವ ಮೊದಲು ಬಾಟಲಿ ಮುಚ್ಚಬಾರದು. ಎರಡು ವರ್ಷದಲ್ಲಿ ಗುರುಸಿದ್ದಮ್ಮನ ಬೆರಳ ತುದಿಗಳು ಬಿಡದಂತೆ ಹಳದಿಯಾದವು. ಆಫೀಸಿನವರು ಮನೆಗೆ ಬರುವ ದಿನ ಕೈ ಒಳಗಿಟ್ಟುಕೋ ಎಂದು ಅಮರೇಶ್ವರ ಹೇಳಿದಾಗ, ಅಂದು ಅವರು ಬೇಕೆಂದೇ ಬಂದವರಿಗೆಲ್ಲ ಕೈಯಾರೆ ಹೋಳಿಗೆ ಬಡಿಸಿದರು.

ಸಂಘದ ಪಿಕ್ನಿಕ್‌ಗೆ ಅವರು ಎರಡು ಸೇತುವೆ ದಾಟಿ ನ್ಯೂಜೆರ್ಸಿಗೆ ಬರುವಾಗ ಜಾಮುವಿನ ದೊಡ್ಡ ಕೂಲರ್ ತರುತ್ತಿದ್ದರು. 1999ರ ಬೇಸಿಗೆಯಲ್ಲಿ ಅದನ್ನು ಕುಡಿದ ಶ್ಯಾಮ್ ಇನ್ನೊಂದು ಲೋಟ ಕೇಳಿದ. ಶ್ಯಾಮ್ ಮೈಸೂರಿನ ಹುಡುಗ, ಮೂವತ್ತೊಂದು ವರ್ಷ, ಮನೆ ವೆಸ್ಟ್ ವಿಂಡ್ಸರ್‌ನಲ್ಲಿ. ದೊಡ್ಡ ಕಂಪನಿಯ ಕೆಲಸ ಬಿಟ್ಟು, ಆಯುರ್ವೇದದ ಸಾಮಾನುಗಳನ್ನು ಇಂಟರ್ನೆಟ್ಟಿನಲ್ಲಿ ಮಾರುವ ಸ್ಟಾರ್ಟಪ್ ಆರಂಭಿಸಿದ್ದ. ಆಗ ಯಾರ ಬಾಯಲ್ಲಿ ನೋಡಿದರೂ ಡಾಟ್‌ಕಾಮ್. ಶ್ಯಾಮ್ ಕೆಟ್ಟವನಾಗಿರಲಿಲ್ಲ, ನಮ್ಮಲ್ಲಿ ಎಷ್ಟೋ ಜನರಿಗೆ ಕೆಲಸ ಕೊಡಿಸಿದ್ದ. ವೈಟುಕೆ ಮುಗಿದು ಅಮರೇಶ್ವರರ ಕಾಂಟ್ರಾಕ್ಟ್ ನಿಂತಾಗ ತನ್ನ ಕಂಪನಿಗೇ ಸೇರಿಸಿಕೊಂಡ. ಆ ಹೊತ್ತಿಗೆ ಗುರುಸಿದ್ದಮ್ಮನ ಪಾನಕವನ್ನು ಬಾಟಲಿಯಲ್ಲಿ ಮಾರುವ ಮಾತೂ ಕುದುರಿತ್ತು.

ಗುರುಸಿದ್ದಮ್ಮ ಎರಡೇ ಷರತ್ತು ಹಾಕಿದರು. ಇದು ಜಾವಾದ್ದು, ಮರ್ನಿಯಿಂದ ಕಲಿತದ್ದು ಎಂದು ಬರೆಯಬೇಕು. ಇಂಥ ರೋಗ ವಾಸಿಯಾಗುತ್ತದೆ ಎಂದು ಎಲ್ಲಿಯೂ ಬರೆಯಬಾರದು. ಶ್ಯಾಮ್ "ಶೂರ್ ಆಂಟಿ, ನೋ ಪ್ರಾಬ್ಲಮ್" ಎಂದ. ಫೋಟೋ ತೆಗೆಯುವವನು ಬೆಲ್‌ರೋಸ್‌ಗೆ ಬಂದು, ಒಲೆಯ ಮುಂದೆ ಇಬ್ಬರೂ ಹೆಂಗಸರು ಒಂದೇ ಬಾಟಲಿ ಹಿಡಿದಿರುವ ಚಿತ್ರ ತೆಗೆದುಕೊಂಡು ಹೋದ.

2000ದ ಏಪ್ರಿಲ್‌ನಲ್ಲಿ ಬಣ್ಣದ ಕರಪತ್ರ ನಮ್ಮೆಲ್ಲರ ಮನೆಗೂ ಅಂಚೆಯಲ್ಲಿ ಬಂತು. ಐದು ಸಾವಿರ ವರ್ಷ ಹಳೆಯ ಋಷಿಗಳ ಗುಟ್ಟು. ಸಂಧಿವಾತ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ, ಯಕೃತ್ತು ಸೇರಿ ಇಪ್ಪತ್ತೊಂದು ರೋಗಗಳಿಗೆ ರಾಮಬಾಣ. ರಕ್ತವನ್ನು ಸಹಜವಾಗಿ ತೆಳುವಾಗಿಸುವುದರಿಂದ ಮಾತ್ರೆಗಳ ಹಂಗಿಲ್ಲ. ಮೇಲೆ ಗುರುಸಿದ್ದಮ್ಮನ ಚಿತ್ರ: ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ. ಮರ್ನಿಯನ್ನು ಕತ್ತರಿಸಿದ್ದರು. ಬಾಟಲಿಯ ಮೇಲೆ ಅವಳ ನಾಲ್ಕು ಬೆರಳು ಮಾತ್ರ ಉಳಿದಿದ್ದವು, ಯಾರವೆಂದು ಗೊತ್ತಿಲ್ಲದ ಬೆರಳು.

ಗುರುಸಿದ್ದಮ್ಮ ಶ್ಯಾಮ್‌ಗೆ ಫೋನ್ ಮಾಡಿ ಜಗಳವಾಡಿದರು. ಮುಂದಿನ ಪ್ರಿಂಟಿನಲ್ಲಿ ಸರಿಮಾಡುತ್ತೇನೆ ಎಂದ. ನಂಬಿದರು. ತಮ್ಮ ಜೀವನದಲ್ಲಿ ಮಾಡಿದ ತಪ್ಪು ಅದೊಂದೇ ಎಂದು ಅವರು ನನಗೆ ಆಮೇಲೆ ಹೇಳಿದ್ದುಂಟು. ಅಂದು ರಾತ್ರಿಯೇ ಎಲ್ಲರ ಮನೆಗೂ ಫೋನ್ ಮಾಡಿ ಅದನ್ನು ನಂಬಬೇಡಿ ಎನ್ನಬೇಕಿತ್ತಂತೆ. ಗಂಡನ ಹೊಸ ಕೆಲಸಕ್ಕೆ ಮೂರು ತಿಂಗಳೂ ಆಗಿರಲಿಲ್ಲ, ಬಾಯಿ ಬಿಗಿಹಿಡಿದರು.

ಮೆಟುಚೆನ್‌ನಲ್ಲಿ ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ ಅಡಿವೆಪ್ಪನವರಿದ್ದರು. ನೀರಾವರಿ ಇಲಾಖೆಯ ನಿವೃತ್ತ ಇಂಜಿನಿಯರ್, ಮಗಳು ಸುಪ್ರಿಯಾಳ ಮನೆಯಲ್ಲಿ ವಾಸ. ಹೃದಯದ ಕವಾಟ ಬದಲಾಯಿಸಿದ್ದರಿಂದ ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಮಾತ್ರೆ ನುಂಗಬೇಕಿತ್ತು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಸೂಜಿ ಚುಚ್ಚಿಸಿಕೊಳ್ಳುವುದು ಸಾಕಾಗಿತ್ತು ಅವರಿಗೆ. ಕರಪತ್ರ ಓದಿ ಒಂದು ಡಜನ್ ಬಾಟಲಿ ತರಿಸಿದರು. ಮಗಳಿಗೆ ಹೇಳದೆ ಮಾತ್ರೆಯನ್ನೂ ಪರೀಕ್ಷೆಯನ್ನೂ ಬಿಟ್ಟರು. ಐದನೆಯ ವಾರ, ಬೆಳಗಿನ ತಿಂಡಿಗೆ ಕೂತಾಗ ಅವರ ಎಡಗೈಯಿಂದ ಚಹಾದ ಕಪ್ ಜಾರಿತು. ಬಾಯಿ ಒಂದು ಕಡೆಗೆ ಎಳೆಯಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ಸುಪ್ರಿಯಾ ಅವರ ಕೋಣೆಯಲ್ಲಿ ಮಾತ್ರೆಯ ಡಬ್ಬಿ ತೆರೆದು ನೋಡಿದರೆ ಸೋಮವಾರದಿಂದ ಭಾನುವಾರದವರೆಗಿನ ಎಲ್ಲ ಮನೆಗಳೂ ತುಂಬಿಯೇ ಇದ್ದವು.

ಸುಪ್ರಿಯಾ ಗುರುಸಿದ್ದಮ್ಮನಿಗೆ ಫೋನ್ ಮಾಡಿ ಅಂದದ್ದನ್ನು ನಾನು ಬರೆಯುವುದಿಲ್ಲ. ಗುರುಸಿದ್ದಮ್ಮ ಪಾಳಿ ಬಿಟ್ಟು, ಎರಡು ಟ್ರೇನ್ ಬದಲಿಸಿ, ಸಮವಸ್ತ್ರದಲ್ಲಿಯೇ ಆಸ್ಪತ್ರೆಗೆ ಬಂದರು. ಅವರನ್ನು ಮೆಟುಚೆನ್ ಸ್ಟೇಷನ್ನಿನಿಂದ ಕಾರಿನಲ್ಲಿ ಕರೆದೊಯ್ದವನು ನಾನು. ಹಾಗಾಗಿ ಅಡಿವೆಪ್ಪನವರ ಮಾತು ನನ್ನ ಕಿವಿಗೂ ಬಿತ್ತು. ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ಆದರೂ ಅವರು ಒತ್ತಿ ಒತ್ತಿ ಹೇಳಿದರು.

"ನಿನ್ನ ಫೋಟೋ ಇತ್ತವ್ವಾ. ಗುರುಸಿದ್ದವ್ವ ಸುಳ್ಳ ಹೇಳಾಂಗಿಲ್ಲ ಅಂದ್ಕೊಂಡೆ."

ಗುರುಸಿದ್ದಮ್ಮ ಅವರ ಸತ್ತಂತಿದ್ದ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ನರ್ಸಿಂಗ್ ಹೋಮಿನಲ್ಲಿ ಮಾಡುವ ಹಾಗೆ ಒಂದೊಂದೇ ಬೆರಳು ಮಡಿಸಿ ಬಿಡಿಸುತ್ತ ಕೂತರು. ವಾಪಸು ಬರುವಾಗ ಕಾರಿನಲ್ಲಿ ಅವರು ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ. ನೇರವಾಗಿ ವೆಸ್ಟ್ ವಿಂಡ್ಸರ್‌ಗೆ ನಡೆಯಿರಿ ಎಂದರು.

ಶ್ಯಾಮ್ ಮನೆಯಲ್ಲಿದ್ದ. ಅಡಿವೆಪ್ಪನವರ ಸುದ್ದಿ ಕೇಳಿ ಅವನ ಮುಖ ನಿಜಕ್ಕೂ ಬಿಳಿಚಿತು. ಆದರೆ ಬಾಟಲಿ ವಾಪಸು ತರಿಸಿ, ಕರಪತ್ರ ಸುಳ್ಳು ಎಂದು ಇನ್ನೊಂದು ಕರಪತ್ರ ಕಳಿಸಿ ಎಂದು ಗುರುಸಿದ್ದಮ್ಮ ಹೇಳಿದಾಗ ಅವನು ಸೋಫಾದ ತುದಿಗೆ ಸರಿದ. ಹೂಡಿಕೆದಾರರು ಆ ತಿಂಗಳೇ ನಿರ್ಧಾರ ಮಾಡುವವರಿದ್ದರಂತೆ. ಕರಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಇದು ವೈದ್ಯಕೀಯ ಸಲಹೆಯಲ್ಲ ಎಂದು ಇಂಗ್ಲಿಷಿನಲ್ಲಿ ಹಾಕಿದ್ದರಂತೆ.

"ಲೀಗಲೀ ನಾವು ಕವರ್ಡ್ ಇದೀವಿ ಆಂಟಿ. ಅಲ್ದೆ ಅರಿಶಿನ ನಮ್ಮದೇ ತಾನೆ? ಜಾವಾ ಅಂದ್ರೆ ಯಾರು ತಗೋತಾರೆ ಹೇಳಿ."

"ಅಡಿವೆಪ್ಪ ಕಾಕಾಗ ಆ ಸಣ್ಣ ಅಕ್ಷರ ಕಾಣಂಗಿಲ್ಲ. ನನ್ನ ಮುಖ ಕಂಡೈತಿ. ನನ್ನ ಮುಖ ತಗೀರಿ."

ತೆಗೆಯುತ್ತೇನೆ ಎಂದ. ತೆಗೆಯಲಿಲ್ಲ. ಬೇಸಿಗೆ ಕಳೆಯಿತು. ಗುರುಸಿದ್ದಮ್ಮ ತಾವೇ ಕೈಬರಹದ ಚೀಟಿಗಳನ್ನು ಹಿಲ್‌ಸೈಡ್ ಅವೆನ್ಯೂದ ಅಂಗಡಿಗಳಲ್ಲಿ ಅಂಟಿಸಿದರು. ಅಂಗಡಿಯವರು ಮರುದಿನ ಕಿತ್ತು ಹಾಕಿದರು. ನ್ಯೂಜೆರ್ಸಿಯ ಮನೆಗಳಿಗೆ ಫೋನ್ ಮಾಡಿದರೆ, ಅಮರೇಶ್ವರರಿಗೂ ಶ್ಯಾಮ್‌ಗೂ ಏನೋ ಜಗಳ ಬಂದಿದೆ ಎಂದು ಜನ ಅರ್ಥಮಾಡಿಕೊಂಡರು. ಅರಿಶಿನದಿಂದ ತಮಗೆ ಎಷ್ಟು ಗುಣವಾಗಿದೆ ಎಂದು ಕೆಲವರು ತಿರುಗಿ ಅವರಿಗೇ ಪಾಠ ಹೇಳಿದರು.

ನವೆಂಬರಿನ ರಾಜ್ಯೋತ್ಸವ ಬಂತು. ಎಡಿಸನ್‌ನ ಒಂದು ಶಾಲೆಯ ಸಭಾಂಗಣ, ಆರುನೂರು ಜನ. ಮುಖ್ಯ ಪ್ರಾಯೋಜಕ ಶ್ಯಾಮ್‌ನ ಕಂಪನಿ. ಹೊರಗೆ ಅವನ ಮಳಿಗೆ, ಆಳೆತ್ತರದ ಪೋಸ್ಟರಿನಲ್ಲಿ ಗುರುಸಿದ್ದಮ್ಮ. ಅವರಿಗೆ "ಅರಿಶಿನದ ತಾಯಿ" ಎಂದು ಬಿರುದು ಕೊಟ್ಟು ಶಾಲು ಹೊದಿಸಬೇಕೆಂದು ಅವನೇ ಸೂಚಿಸಿದ, ಸಮಿತಿ ಒಪ್ಪಿತು. ನಾನೂ ಕೈ ಎತ್ತಿದೆ. ಆಸ್ಪತ್ರೆಯಲ್ಲಿ ಕೇಳಿದ್ದು ನನಗೆ ನೆನಪಿರಲಿಲ್ಲವೆಂದಲ್ಲ. ಸನ್ಮಾನ ಮಾಡಿದರೆ ಎರಡೂ ಕಡೆಯವರಿಗೆ ಸಮಾಧಾನವಾಗುತ್ತದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಬರುತ್ತೀರಾ ಎಂದು ಫೋನಿನಲ್ಲಿ ಕೇಳಿದಾಗ ಗುರುಸಿದ್ದಮ್ಮ ಬರುತ್ತೇನೆ ಎಂದರು. ಅಮರೇಶ್ವರ ಆ ವಾರವಿಡೀ ಅವರ ಹಿಂದೆ ಬಿದ್ದಿದ್ದರಂತೆ. ಶಾಲು ತೆಗೆದುಕೊಂಡು ಕೈಮುಗಿದು ಇಳಿದು ಬಾ, ಐವತ್ತರ ಹತ್ತಿರ ಬಂದೆ, ನನಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ ಎಂದರಂತೆ. "ನೀವು ನನ್ನ ಜೋಡಿ ಬರ್ಲಿಕ್ಕೇ ಬೇಕಂತಿಲ್ಲ. ನಾನು ಮರ್ನಿ ಜೋಡಿ ಹೊಕ್ಕೇನಿ" ಎಂದಷ್ಟೇ ಇವರು ಹೇಳಿದ್ದು. ಅಮರೇಶ್ವರ ಆ ದಿನ ತಾವೇ ಇಬ್ಬರನ್ನೂ ಕಾರಿನಲ್ಲಿ ಕರೆತಂದರು.

ಹೆಸರು ಕರೆದಾಗ ಗುರುಸಿದ್ದಮ್ಮ ಮರ್ನಿಯ ಕೈ ಹಿಡಿದುಕೊಂಡೇ ವೇದಿಕೆ ಹತ್ತಿದರು. ನಮ್ಮ ಅಧ್ಯಕ್ಷರು ಶಾಲು ಬಿಡಿಸಿದರು. ಇವರು ಅದನ್ನು ಅರ್ಧದಲ್ಲೇ ಹಿಡಿದು, ಮಡಿಸಿ, ಮೇಜಿನ ಮೇಲಿಟ್ಟು ಮೈಕಿನ ಮುಂದೆ ನಿಂತರು.

"ಇದರ ಹೆಸರ ಜಾಮು. ಇದು ಋಷಿಗಳದ್ದಲ್ಲ, ನಂದೂ ಅಲ್ಲ. ಈಕಿ ಹೆಸರ ಸುಮರ್ನಿ. ಈಕಿ ತಾಯಿ ಜಾವಾದಾಗ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮನಿಮನಿಗೆ ಮಾರಿದ್ದು ಇದು. ಹೊರಗಿನ ಪೋಸ್ಟರಿನಾಗ ಬಾಟ್ಲಿ ಮ್ಯಾಲ ನಾಕು ಬೆರಳ ಅದಾವಲ್ಲ, ಅವು ಈಕಿವು."

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ವೇದಿಕೆಯಿಂದಲೇ ನನ್ನ ಕಡೆ ನೋಡಿ ಕತ್ತಿನ ಮೇಲೆ ಬೆರಳೆಳೆದು ಸನ್ನೆ ಮಾಡಿದರು. ಮೈಕಿನ ಗುಂಡಿಗಳ ಪೆಟ್ಟಿಗೆ ನನ್ನ ಪಕ್ಕದಲ್ಲಿತ್ತು. ನಾನು ಗುಂಡಿ ಒತ್ತಿದೆ.

ಗುರುಸಿದ್ದಮ್ಮ ಮೈಕನ್ನು ಎರಡು ಸಲ ತಟ್ಟಿ ನೋಡಿದರು. ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿ ವೇದಿಕೆಯ ಅಂಚಿಗೆ ಬಂದರು.

"ಮೈಕ್ ಹೋತು, ಹೋಗ್ಲಿ. ನಮ್ಮ ಮನ್ಯಾಗ ನಾಕು ಮಗ್ಗ ಒಮ್ಮೆಲೆ ಬಡೀತಿದ್ವು, ಅವುಗಳ ಮ್ಯಾಲ ಮಾತಾಡಿ ಬೆಳದಾಕಿ ನಾನು. ಹಿಂದ ಕೂತೋರಿಗೆ ಕೇಳ್ತೈತಿ?"

ಹಿಂದಿನ ಸಾಲಿನಿಂದ ಯಾರೋ ಕೇಳುತ್ತದೆ ಎಂದರು.

"ಇದರಿಂದ ಸಕ್ಕರಿ ರೋಗ ಹೋಗ್ತೈತಿ ಅಂತ ನಾನು ಹೇಳಿಲ್ಲ. ಹೃದಯ ನೆಟ್ಟಗಾಕ್ಕೈತಿ ಅಂತ ಹೇಳಿಲ್ಲ. ನಾಕು ವರ್ಷ ದಿನಾ ಕುಡದೀನಿ, ನನ್ನ ಮೊಣಕಾಲು ಇವತ್ತಿಗೂ ನೋಯ್ತಾವ. ರುಚಿ ಐತಿ ಅಂತ ಕುಡೀರಿ. ಗುಳಿಗಿ ಬಿಟ್ಟು ಕುಡೀಬ್ಯಾಡ್ರಿ. ರಕ್ತ ತೆಳು ಮಾಡೋ ಗುಳಿಗಿ ತೊಗೊಳ್ಳೋರಂತೂ ಡಾಕ್ಟರನ್ನ ಕೇಳದ ಮುಟ್ಟಬ್ಯಾಡ್ರಿ. ನನ್ನ ಮುಖ ನೋಡಿ ಅಡಿವೆಪ್ಪ ಕಾಕಾ ಗುಳಿಗಿ ಬಿಟ್ರು. ಅವರ ಎಡಗೈ ಹೋತು. ಆ ಕೈಗೆ ನಾನೂ ಜವಾಬ್ದಾರಿ, ಶ್ಯಾಮ್ ಅವರೂ ಜವಾಬ್ದಾರಿ."

ಇಷ್ಟೇ. ಎರಡು ನಿಮಿಷವೂ ಹಿಡಿಯಲಿಲ್ಲ. ಮುಂದಿನ ಸಾಲಿನಲ್ಲಿ ಕೆಲವರು ಎದ್ದು ಹೊರಟರು. ಹಬ್ಬದ ದಿನ ಇದೆಲ್ಲ ಬೇಕಿತ್ತೇ ಎಂದು ಒಬ್ಬರು ಜೋರಾಗಿಯೇ ಅಂದರು. ಚಪ್ಪಾಳೆ ಬಿದ್ದದ್ದು ಅಲ್ಲೊಂದು ಇಲ್ಲೊಂದು. ಮರ್ನಿಗೆ ಒಂದಕ್ಷರ ಅರ್ಥವಾಗದಿದ್ದರೂ ಕತ್ತೆತ್ತಿ ನಿಂತಿದ್ದಳು. ನಾನು ಬಾಗಿಲಿನ ಕಡೆ ನೋಡಿದಾಗ ಅಮರೇಶ್ವರ ಕಾಣಿಸಿದರು. ಅವರು ಮಳಿಗೆಯ ಪೋಸ್ಟರನ್ನು ಚೌಕಟ್ಟಿನಿಂದ ಬಿಚ್ಚುತ್ತಿದ್ದರು. ಹರಿಯದಂತೆ ನಿಧಾನವಾಗಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಪಾರ್ಕಿಂಗ್ ಲಾಟಿಗೆ ನಡೆದರು. ಶ್ಯಾಮ್‌ನ ಕಡೆಯವರಿಬ್ಬರು ಏನೋ ಕೇಳುತ್ತ ಹಿಂದೆ ಹೋದರು. ಅವರು ತಿರುಗಿ ನೋಡಲಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ತಮ್ಮ ಬ್ಯಾಡ್ಜನ್ನು ತಾವೇ ಕೊಟ್ಟು ಬಂದರು. ಆ ಸಂಜೆ ಅಡುಗೆಮನೆಯಲ್ಲಿ ಹೆಂಡತಿಯ ಪಕ್ಕ ನಿಂತು ಅರಿಶಿನ ಉಜ್ಜಿ ತೊಳೆದರಂತೆ.

ಶ್ಯಾಮ್‌ನ ಕಂಪನಿ ಮರುವರ್ಷ ಮುಚ್ಚಿತು. ಅದು ಗುರುಸಿದ್ದಮ್ಮನ ಶಾಪ ಎಂದು ಕೆಲವರು, ಅವರ ಮಾತಿನ ಬಲ ಎಂದು ಕೆಲವರು ಹೇಳುತ್ತಾರೆ. ಎರಡೂ ಅಲ್ಲ. ಆ ವರ್ಷ ಅಂಥ ನೂರಾರು ಕಂಪನಿಗಳು ಮುಚ್ಚಿದವು, ನಮ್ಮ ಸಂಘದಲ್ಲೇ ಎಷ್ಟೋ ಜನ ಕೆಲಸ ಕಳೆದುಕೊಂಡರು. ಅಮರೇಶ್ವರರಿಗೆ ಮತ್ತೆ ಕಂಪ್ಯೂಟರ್ ಕೆಲಸ ಸಿಗಲಿಲ್ಲ. ಬೆಲ್‌ರೋಸ್‌ನ ಒಂದು ಔಷಧಿ ಅಂಗಡಿಯಲ್ಲಿ ಕೌಂಟರಿಗೆ ನಿಂತರು. ಸಂಘದವರು ಮೂರು ವರ್ಷ ಗುರುಸಿದ್ದಮ್ಮನಿಗೆ ಆಮಂತ್ರಣ ಕಳಿಸಲಿಲ್ಲ. ಕಳಿಸದಿದ್ದರೂ ಅವರು ಟಿಕೆಟ್ ಕೊಂಡು ಬಂದು ಮೂರನೆಯ ಸಾಲಿನಲ್ಲಿ ಕೂರುತ್ತಿದ್ದರು. ನಾನು ಕ್ಷಮೆ ಕೇಳಿದ್ದು ಎರಡನೆಯ ವರ್ಷ. "ಗುಂಡಿ ಒತ್ತಿದ್ದು ಛಲೋ ಆತು ಬಿಡ್ರಿ. ಆ ಮೈಕಿನಾಗ ನನ್ನ ದನಿ ಕೀರಲ ಬರ್ತಿತ್ತು" ಎಂದರು. ಕ್ಷಮಿಸಿದ್ದೇನೆ ಎಂದು ಮಾತ್ರ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಜಾಮು ಬಿಡಲಿಲ್ಲ. ಹಿಲ್‌ಸೈಡ್ ಅವೆನ್ಯೂದ ಒಂದು ಹೋಟೆಲಿನ ಅಡುಗೆಮನೆಯನ್ನು ಬೆಳಗಿನ ಹೊತ್ತು ಬಾಡಿಗೆಗೆ ಹಿಡಿದು, ಲೈಸೆನ್ಸ್ ಮಾಡಿಸಿ, ಮರ್ನಿಯೊಡನೆ ಶನಿವಾರ ಭಾನುವಾರ ಮಾಡಿ ಮಾರತೊಡಗಿದರು. ಬಾಟಲಿಯ ಚೀಟಿಯಲ್ಲಿ ಮೊದಲು ಸುಮರ್ನಿಯ ಹೆಸರು, ಅವಳ ಊರು. ಆಮೇಲೆ ಅರಿಶಿನ, ಹುಣಸೆ, ತಾಟಿಬೆಲ್ಲ, ನೀರು. ಕೆಳಗೆ ಇಂಗ್ಲಿಷ್, ಕನ್ನಡ, ಮರ್ನಿಯ ಭಾಷೆ ಮೂರರಲ್ಲೂ ದಪ್ಪ ಅಕ್ಷರದಲ್ಲಿ: ಇದು ಔಷಧಿಯಲ್ಲ, ನಿಮ್ಮ ಮಾತ್ರೆ ಬಿಡಬೇಡಿ. ಇಂಥ ಚೀಟಿ ಇದ್ದರೆ ಯಾರು ಕೊಳ್ಳುತ್ತಾರೆ ಎಂದು ಅಂಗಡಿಯವನೊಬ್ಬ ಕೇಳಿದ್ದಕ್ಕೆ, ಅವನ ಶೆಲ್ಫಿನಿಂದ ಎಲ್ಲ ಬಾಟಲಿಗಳನ್ನೂ ಅಲ್ಲಿಯೇ ಇಳಿಸಿಕೊಂಡು ಬಂದರು. ಮೂರು ವಾರದ ಮೇಲೆ ಅವನೇ ಫೋನ್ ಮಾಡಿ ಮತ್ತೆ ಕೇಳಿದ. ಬಾಣಂತಿಗೆ ಒಳ್ಳೆಯದಲ್ಲವೇ, ಮುಖಕ್ಕೆ ಹೊಳಪು ಬರುತ್ತದಲ್ಲವೇ ಎಂದು ಕೇಳಿದವರಿಗೆ, ಹಾಗೆ ಜಾವಾದಲ್ಲಿ ಹೇಳುತ್ತಾರೆ, ನಾನು ನೋಡಿಲ್ಲ ಎನ್ನುವುದು ಅವರ ಉತ್ತರ. ಆ ಉತ್ತರ ಕೇಳಿ ಮರ್ನಿ ಹಿಂದಿನಿಂದ, ನನ್ನ ಅಮ್ಮ ನೋಡಿದ್ದಾಳೆ ಎಂದು ಕೂಗುತ್ತಿದ್ದಳು. ಆ ಜಗಳ ಅವರಿಬ್ಬರಲ್ಲಿ ಎಂದೂ ಮುಗಿಯಲಿಲ್ಲ.

2002ರ ಒಂದು ಶನಿವಾರ ಸುಪ್ರಿಯಾ ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಬಂದಳು. ಎರಡು ವರ್ಷ ಗುರುಸಿದ್ದಮ್ಮನೊಡನೆ ಮಾತು ಬಿಟ್ಟಿದ್ದಳು. ಅಂದೂ ತಾನು ಬಾಗಿಲ ಹೊರಗೇ ನಿಂತಳು. ಅಡಿವೆಪ್ಪನವರು ಕೋಲೂರಿಕೊಂಡು ಒಳಗೆ ಬಂದು ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕೂತು, ಒಂದು ಲೋಟ ಕೊಡು ಎಂದರು.

"ನಿಮಗ ಕೊಡಂಗಿಲ್ಲ ಕಾಕಾ."

"ಯಾಕವ್ವಾ? ಗುಳಿಗಿ ತಪ್ಪದ ತೊಗೊಳ್ಳಾಕತ್ತೇನಿ."

"ಡಾಕ್ಟರ್ ಹೂಂ ಅಂದಾರೇನು?"

ಕೇಳಿಲ್ಲ ಎಂದು ಅವರು ಒಪ್ಪಿಕೊಂಡರು. ಒಂದು ಗುಟುಕಿಗೆ ಏನಾಗುತ್ತದೆ ಎಂದು ವಾದಿಸಿದರು. ಇಂಜಿನಿಯರಿಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎಂದರು. ಇಷ್ಟು ದೂರ ಬಂದದ್ದೇ ಅದಕ್ಕೆ ಎಂದು ಸಿಟ್ಟುಮಾಡಿದರು. ಗುರುಸಿದ್ದಮ್ಮ ಜಗ್ಗಲಿಲ್ಲ. ಹೋಟೆಲಿನ ಫ್ರಿಜ್ಜಿನಿಂದ ಮೊಸರು ತೆಗೆದು ಕಡೆದು, ಜೀರಿಗೆ, ಉಪ್ಪು ಹಾಕಿ ಎರಡು ಲೋಟ ಮಜ್ಜಿಗೆ ಮಾಡಿದರು. ಒಂದನ್ನು ಅವರ ಬಲಗೈಗೆ ಕೊಟ್ಟರು. ಇನ್ನೊಂದನ್ನು ತೆಗೆದುಕೊಂಡು ಹೊರಗೆ ಸುಪ್ರಿಯಾ ನಿಂತಿದ್ದಲ್ಲಿಗೆ ಹೋದರು.